ಆಕರದ ವೇಗ ಬೆಳಕಿಗೆ ಅಂಟುತ್ತದೆಯೇ?

ಬೆಳಕಿನ ವೇಗ ಎಲ್ಲ ಚೌಕಟ್ಟುಗಳಲ್ಲೂ ಒಂದೇ ಎಂಬುದಕ್ಕೆ ಪುರಾವೆ ಏನು ಎಂದು ಕೇಳಿದರೆ, ಭೌತವಿಜ್ಞಾನ ಓದಿದವರಲ್ಲಿ ಹೆಚ್ಚಿನವರು ಹೆಸರಿಸುವುದು 1887ರ ಮೈಕೆಲ್ಸನ್-ಮಾರ್ಲೆ ಪ್ರಯೋಗವನ್ನು. ಆ ಒಂದು ಪ್ರಯೋಗದಿಂದ ಈ ತೀರ್ಮಾನಕ್ಕೆ ಬರಲಾಗದು ಎಂಬುದು ಈ ಟಿಪ್ಪಣಿಯ ವಾದ. ಅದು ಅರ್ಧಕ್ಕೆ ಮಾತ್ರ ಸಾಕ್ಷಿ. ಉಳಿದರ್ಧಕ್ಕೆ ತಕರಾರಿಲ್ಲದ ಸಾಕ್ಷಿ ಸಿಗಲು 1964ರವರೆಗೆ ಕಾಯಬೇಕಾಯಿತು.

ಅರ್ಧ ಎಂದದ್ದಕ್ಕೆ ಕಾರಣವಿದೆ. 1905ರ ಲೇಖನದಲ್ಲಿ ಐನ್‌ಸ್ಟೈನ್ ಎರಡು ಆಧಾರತತ್ತ್ವಗಳನ್ನು ಇಟ್ಟರು. ಒಂದಕ್ಕೊಂದು ಸಮವೇಗದಲ್ಲಿ ಸಾಗುವ ಚೌಕಟ್ಟುಗಳಲ್ಲೆಲ್ಲ ಭೌತನಿಯಮಗಳು ಒಂದೇ ಎಂಬುದು ಮೊದಲನೆಯದು. ಬೆಳಕಿನ ವೇಗ ಅದನ್ನು ಸೂಸುವ ಆಕರದ ಚಲನೆಯನ್ನು ಅವಲಂಬಿಸಿಲ್ಲ ಎಂಬುದು ಎರಡನೆಯದು. ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲೂ ಅಚ್ಚರಿಯಿಲ್ಲ. ಓಡುವ ಲಾರಿಯ ಹಾರ್ನಿನ ಸದ್ದು ಗಾಳಿಯಲ್ಲಿ ಸಾಗುವ ವೇಗಕ್ಕೂ ಲಾರಿಯ ವೇಗಕ್ಕೂ ಸಂಬಂಧವಿಲ್ಲ. ಬೆಳಕು ಸಾಗಲು ಈಥರ್ ಎಂಬ ಮಾಧ್ಯಮವಿದೆ ಎಂದು ನಂಬಿದವರು ಬೆಳಕಿನ ಬಗ್ಗೆಯೂ ಹೀಗೆಯೇ ತಿಳಿದಿದ್ದರು. ಎರಡು ತತ್ತ್ವಗಳನ್ನು ಒಟ್ಟಿಗೆ ಒಪ್ಪಿದಾಗಲೇ ಗಂಟು ಬೀಳುವುದು. ಆಕರ ನನ್ನತ್ತ ಬಂದರೂ ನಾನೇ ಆಕರದತ್ತ ಹೋದರೂ ವ್ಯತ್ಯಾಸವಿಲ್ಲ ಎಂದಾದರೆ, ಅಳೆಯುವವರೆಲ್ಲರಿಗೂ ಬೆಳಕಿನ ವೇಗ ಒಂದೇ ಆಗಲೇಬೇಕು.

ಇನ್ನು ಮೈಕೆಲ್ಸನ್ ಮತ್ತು ಮಾರ್ಲೆ ಕ್ಲೀವ್‌ಲ್ಯಾಂಡಿನಲ್ಲಿ ಮಾಡಿದ್ದೇನೆಂದು ನೋಡೋಣ. ಪಾದರಸದ ಮೇಲೆ ತೇಲುವ ಮರಳುಗಲ್ಲಿನ ಚಪ್ಪಡಿ, ಅದರ ಮೇಲೆ, ಬೆಳಕನ್ನು ಒಂದಕ್ಕೊಂದು ಲಂಬವಾದ ಎರಡು ತೋಳುಗಳಲ್ಲಿ ಕಳಿಸಿ ಮತ್ತೆ ಕೂಡಿಸುವ ಕನ್ನಡಿಗಳು. ಬೆಳಕು ಹಲವು ಸಲ ಹಿಂದೆಮುಂದೆ ಓಡಾಡುವುದರಿಂದ ಒಂದೊಂದು ತೋಳಿನ ಉದ್ದ ಸುಮಾರು 11 ಮೀಟರಿಗೆ ಸಮ. ಈಥರಿನಲ್ಲಿ ಭೂಮಿ ಸಾಗುತ್ತಿದ್ದರೆ, ಚಪ್ಪಡಿ ತಿರುಗಿದಾಗ ವ್ಯತಿಕರಣ ಪಟ್ಟೆಗಳು ಒಂದು ಪಟ್ಟೆಯ 0.4 ಭಾಗದಷ್ಟು ಸರಿಯಬೇಕಿತ್ತು. ಕಂಡದ್ದು ಅದರ ಇಪ್ಪತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಗಮನಿಸಬೇಕಾದ್ದು ಇಷ್ಟೆ: ದೀಪ, ಕನ್ನಡಿ, ನೋಡುವ ಕಣ್ಣು ಎಲ್ಲವೂ ಒಂದೇ ಕೋಣೆಯಲ್ಲಿ, ಒಂದಕ್ಕೊಂದು ಚಲಿಸದೆ ಇದ್ದವು. ಆ ಪ್ರಯೋಗ ಸಾಕ್ಷಿಯಾದದ್ದು ಮೊದಲ ತತ್ತ್ವಕ್ಕೆ; ಆಕರದ ಚಲನೆಯ ಪ್ರಶ್ನೆಯನ್ನು ಅದು ಕೇಳಲೇ ಇಲ್ಲ.

ಈ ತೆರವನ್ನು ಕಂಡವರು ಸ್ವಿಟ್ಜರ್ಲೆಂಡಿನ ವಾಲ್ಟರ್ ರಿಟ್ಸ್. 1908ರಲ್ಲಿ ಅವರು ಮೊದಲ ತತ್ತ್ವವನ್ನು ಉಳಿಸಿಕೊಂಡು ಎರಡನೆಯದನ್ನು ಬಿಟ್ಟುಕೊಟ್ಟರು. ಓಡುವ ಬಸ್ಸಿನಿಂದ ಎಸೆದ ಚೆಂಡಿಗೆ ಬಸ್ಸಿನ ವೇಗವೂ ಸೇರುವಂತೆ ಬೆಳಕಿಗೆ ಆಕರದ ವೇಗ ಸೇರುತ್ತದೆ ಎಂಬುದು ಅವರ ಸಿದ್ಧಾಂತ. ಮೈಕೆಲ್ಸನ್-ಮಾರ್ಲೆಯ ಶೂನ್ಯ ಫಲಿತಾಂಶ ಇದರಲ್ಲಿ ತಾನಾಗಿಯೇ ಬರುತ್ತದೆ. ಕಾಲ, ದೇಶದ ಹಳೆಯ ಕಲ್ಪನೆಗಳನ್ನು ಮುಟ್ಟಬೇಕಾಗಿಯೇ ಇಲ್ಲ. ಐನ್‌ಸ್ಟೈನ್ ಕೂಡ 1905ಕ್ಕೆ ಮೊದಲು ಇಂಥ ದಾರಿಯನ್ನು ಯೋಚಿಸಿ ಕೈಬಿಟ್ಟಿದ್ದರು. ರಿಟ್ಸ್ 1909ರಲ್ಲಿ ಕ್ಷಯದಿಂದ ತೀರಿಕೊಂಡಾಗ ವಯಸ್ಸು 31. ಸೋತ ಸಿದ್ಧಾಂತದ ಒಡೆಯನೆಂದು ಅವರನ್ನು ಒಂದು ಸಾಲಿನಲ್ಲಿ ಮುಗಿಸುವುದು ಅನ್ಯಾಯ. ಸಾಪೇಕ್ಷತೆ ಎಲ್ಲಿ ಸಾಕ್ಷಿಯಿಲ್ಲದೆ ನಿಂತಿತ್ತು ಎಂಬುದನ್ನು ಅವರು ಬೆರಳಿಟ್ಟು ತೋರಿಸಿದ್ದರು.

ಉತ್ತರವನ್ನು ಆಕಾಶದಲ್ಲಿ ಹುಡುಕಿದವರು ಲೈಡನ್ನಿನ ವಿಲ್ಲೆಮ್ ಡಿ ಸಿಟರ್, 1913ರಲ್ಲಿ. ಅವರ ವಾದವನ್ನು ಒಂದು ನಕ್ಷತ್ರದ ಮೇಲೆ ಲೆಕ್ಕ ಹಾಕಿ ನೋಡಬಹುದು. ವಿಜಯಸಾರಥಿ ಪುಂಜದಲ್ಲಿ, ಬ್ರಹ್ಮಹೃದಯದ ಪಕ್ಕ, ಬೀಟಾ ಎಂಬ ನಕ್ಷತ್ರವಿದೆ. ಮಾಘದ ರಾತ್ರಿ ನಮ್ಮೂರುಗಳಿಂದ ಉತ್ತರಕ್ಕೆ ಮುಖ ಮಾಡಿ ತಲೆಯೆತ್ತಿದರೆ ಬರಿಗಣ್ಣಿಗೇ ಕಾಣುತ್ತದೆ. ಅದು ಜೋಡಿ ನಕ್ಷತ್ರ ಎಂದು ರೋಹಿತದ ಗೆರೆಗಳು ಇಬ್ಭಾಗವಾಗಿ ಕೂಡುವುದನ್ನು ನೋಡಿ ಗುರುತಿಸಿದವರು ಹಾರ್ವರ್ಡಿನ ಆಂಟೋನಿಯಾ ಮೋರಿ. ಸುತ್ತುವ ಅವಧಿ ಸುಮಾರು 4 ದಿನ, ಕಕ್ಷಾವೇಗ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್, ದೂರ ಸುಮಾರು 81 ಜ್ಯೋತಿರ್ವರ್ಷ. ರಿಟ್ಸ್ ಹೇಳಿದಂತಿದ್ದರೆ, ನಕ್ಷತ್ರ ನಮ್ಮತ್ತ ಬರುವಾಗ ಹೊರಟ ಬೆಳಕು ದೂರ ಸರಿಯುವಾಗ ಹೊರಟ ಬೆಳಕಿಗಿಂತ ದಾರಿಯಲ್ಲಿ ಸುಮಾರು 22 ದಿನ ಕಡಿಮೆ ಕಳೆಯುತ್ತದೆ. ನಾಲ್ಕು ದಿನದ ಸುತ್ತಿಗೆ ಇಪ್ಪತ್ತೆರಡು ದಿನದ ಅಂತರ! ಹಿಂದಿನ ಸುತ್ತಿನ ಬೆಳಕನ್ನು ಮುಂದಿನ ಸುತ್ತಿನದು ಹಿಂದೆ ಹಾಕಿ, ಎಲ್ಲ ಕಲಸಿಹೋಗಬೇಕು. ದೂರದರ್ಶಕದಲ್ಲಿ ಕಾಣುವುದು ಮಾತ್ರ ಅಚ್ಚುಕಟ್ಟಾದ ಕಕ್ಷೆ. ಆಕರದ ವೇಗದ ಎಷ್ಟು ಪಾಲು ಬೆಳಕಿಗೆ ಸೇರುತ್ತದೆ ಎಂಬ ಗುಣಾಂಕವನ್ನು ‘ಕೆ’ ಎಂದು ಕರೆದರೆ, ರಿಟ್ಸ್ ಪ್ರಕಾರ ಅದು 1, ಐನ್‌ಸ್ಟೈನ್ ಪ್ರಕಾರ 0. ಅದು 0.002ನ್ನು ಮೀರದು ಎಂದು ಡಿ ಸಿಟರ್ ತೋರಿಸಿದರು.

ಪ್ರಶ್ನೆ ಇಲ್ಲಿಗೆ ಮುಗಿಯಿತೆಂದೇ ಸುಮಾರು ಅರ್ಧ ಶತಮಾನ ಹೆಚ್ಚಿನವರು ತಿಳಿದಿದ್ದರು. ಅದನ್ನು ಮತ್ತೆ ತೆರೆದವರು ಪಿಟ್ಸ್‌ಬರ್ಗಿನ ಜೆ. ಜಿ. ಫಾಕ್ಸ್, 1962 ಮತ್ತು 1965ರ ಲೇಖನಗಳಲ್ಲಿ. ಬೆಳಕು ಯಾವುದೇ ಮಾಧ್ಯಮವನ್ನು ಹೊಕ್ಕಾಗ ಅಲ್ಲಿನ ಎಲೆಕ್ಟ್ರಾನುಗಳನ್ನು ಅಲುಗಿಸುತ್ತದೆ. ಅಲುಗಿದ ಎಲೆಕ್ಟ್ರಾನುಗಳು ಹೊಸ ಅಲೆ ಸೂಸುತ್ತವೆ, ಮೂಲ ಅಲೆ ಅಳಿದುಹೋಗುತ್ತದೆ. ಅಲ್ಲಿಂದ ಮುಂದೆ ಬೆಳಕಿಗೆ ಆಕರವೆಂದರೆ ಆ ಮಾಧ್ಯಮವೇ. ಮೊದಲಿಗೆ ನಕ್ಷತ್ರದ ವೇಗ ಅಂಟಿದ್ದರೂ ಈಗ ಅದರ ಗುರುತು ಉಳಿಯುವುದಿಲ್ಲ. ಈ ಅಳಿಕೆಯ ದೂರ ಕಣ್ಣಿಗೆ ಕಾಣುವ ಬೆಳಕಿಗೆ ಗಾಳಿಯಲ್ಲಿ ಒಂದು ಮಿಲಿಮೀಟರೂ ಇಲ್ಲ. ತಾರೆಗಳ ನಡುವಿನ ವಿರಳ ಅನಿಲದಲ್ಲಿ ಸುಮಾರು 2 ಜ್ಯೋತಿರ್ವರ್ಷ. ಹಾಗಾದರೆ ಬೀಟಾದ 81 ಜ್ಯೋತಿರ್ವರ್ಷದ ದಾರಿಯಲ್ಲಿ ಲೆಕ್ಕಕ್ಕೆ ಬರುವುದು ಮೊದಲ ಎರಡು ಮಾತ್ರ.

ಆ ಎರಡರಿಂದಲೂ ಸುಮಾರು ಅರ್ಧ ದಿನದ ಅಂತರ ಉಳಿಯುತ್ತದೆ, ನಾಲ್ಕು ದಿನದ ಕಕ್ಷೆಯಲ್ಲಿ ಅದು ಕಾಣದೆ ಇರದು. ಆದ್ದರಿಂದ ಡಿ ಸಿಟರ್ ವಾದ ಪೂರ್ತಿ ಬಿದ್ದುಹೋಯಿತೆಂದು ನಾನು ಒಪ್ಪುವುದಿಲ್ಲ. ಆದರೆ ಒಂದಕ್ಕೊಂದು ಹತ್ತಿರವಾಗಿ ಸುತ್ತುವ ಜೋಡಿ ನಕ್ಷತ್ರಗಳಲ್ಲಿ ಹಲವನ್ನು ಅನಿಲದ ಹೊದಿಕೆ ಆವರಿಸಿರುತ್ತದೆ, ಅಳಿಕೆ ಅಲ್ಲಿಯೇ ನಡೆದುಬಿಡಬಹುದು ಎಂಬ ಫಾಕ್ಸ್ ಆಕ್ಷೇಪಕ್ಕೆ ಹಳೆಯ ವೀಕ್ಷಣೆಗಳಲ್ಲಿ ಉತ್ತರವಿರಲಿಲ್ಲ. ಫಾಕ್ಸ್ ಸಾಪೇಕ್ಷತೆಯ ವಿರೋಧಿಯಲ್ಲ ಎಂಬುದನ್ನೂ ಹೇಳಬೇಕು. ತಾವು ನಂಬಿದ ತತ್ತ್ವಕ್ಕೇ ಅವರು ಸರಿಯಾದ ಸಾಕ್ಷಿ ಬೇಡಿದರು.

ಆ ಸಾಕ್ಷಿ ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ಸಿಕ್ಕಿತು. 1964ರಲ್ಲಿ ಆಲ್ವೆಗರ್, ಫಾರ್ಲಿ, ಶೆಲ್ಮನ್ ಮತ್ತು ವಾಲಿನ್ ಪ್ರೋಟಾನ್‌ಗಳನ್ನು ಬೆರಿಲಿಯಮ್ ತುಣುಕಿಗೆ ಅಪ್ಪಳಿಸಿ, ಕ್ಷಣಾಯುಷ್ಯದ ಕಣಗಳಾದ ತಟಸ್ಥ ಪಯಾನ್‌ಗಳನ್ನು ಹುಟ್ಟಿಸಿದರು. ಅವುಗಳ ವೇಗ ಬೆಳಕಿನ ವೇಗದ 0.99975 ಭಾಗ. ಹುಟ್ಟಿದ ಜಾಗದಿಂದ ಒಂದು ಮೈಕ್ರಾನಿನಷ್ಟು ಸಾಗುವುದರಲ್ಲಿ ಅವು ಸಾಮಾನ್ಯವಾಗಿ ಎರಡು ಗಾಮಾ ಕಿರಣಗಳಾಗಿ ಒಡೆಯುತ್ತವೆ. ಇದಕ್ಕಿಂತ ವೇಗದ ‘ದೀಪ’ ಎಲ್ಲಿ ಸಿಗಬೇಕು? 6 ಜಿಇವಿ ಶಕ್ತಿಯನ್ನು ಮೀರಿದ ಗಾಮಾ ಕಿರಣಕ್ಕೆ ಗಾಳಿಯಲ್ಲೂ ಅಳಿಕೆಯ ದೂರ ಕಿಲೋಮೀಟರುಗಳಷ್ಟು, ಹಾಗಾಗಿ ಫಾಕ್ಸ್ ಆಕ್ಷೇಪಕ್ಕೆ ಇಲ್ಲಿ ಎಡೆಯಿಲ್ಲ.

ಕಾಲ ಅಳೆದ ಬಗೆ ಇನ್ನೂ ಸೊಗಸು. ಪ್ರೋಟಾನ್‌ಗಳು ಗುಂಪುಗುಂಪಾಗಿ, ಗುಂಪಿಗೂ ಗುಂಪಿಗೂ 105 ನ್ಯಾನೊಸೆಕೆಂಡ್ ಬಿಡುವಿಟ್ಟು ಬರುತ್ತಿದ್ದವು. ಪತ್ತೆಕಾರಕವನ್ನು 31.45 ಮೀಟರ್ ಹಿಂದಕ್ಕೆ ಸರಿಸಿದರು. ಬೆಳಕು ತನ್ನ ಎಂದಿನ ವೇಗದಲ್ಲಿ 105 ನ್ಯಾನೊಸೆಕೆಂಡಿನಲ್ಲಿ ಸಾಗುವ ದೂರವೇ ಅದು. ವೇಗ ಎಂದಿನದಾದರೆ ಸಂಕೇತ ಮತ್ತೆ ಗಡಿಯಾರದ ಅದೇ ಗೆರೆಯ ಮೇಲೆ ಬಂದು ಕೂರಬೇಕು. ಪಯಾನಿನ ವೇಗವೂ ಸೇರಿದ್ದರೆ ಗಾಮಾ ಹೆಚ್ಚುಕಡಿಮೆ ಇಮ್ಮಡಿ ವೇಗದಲ್ಲಿ ಬಂದು, ಸುಮಾರು 52 ನ್ಯಾನೊಸೆಕೆಂಡ್ ಮೊದಲೇ, ಎರಡು ಗುಂಪುಗಳ ನಟ್ಟನಡುವೆ ಕಾಣಿಸಬೇಕು. ಅದು ಬಂದು ಕೂತದ್ದು ಅದೇ ಗೆರೆಯ ಮೇಲೆ. ‘ಕೆ’ಯ ಬೆಲೆ ಒಂದು ಲಕ್ಷದಲ್ಲಿ −3 ± 13 ಭಾಗ, ಎಂದರೆ ಸೊನ್ನೆ.

1977ರಲ್ಲಿ ಕೆನೆತ್ ಬ್ರೆಚರ್ ಡಿ ಸಿಟರ್ ವಾದಕ್ಕೇ ಮರಳಿದರು, ಈ ಸಲ ಕ್ಷ-ಕಿರಣಗಳನ್ನು ನಿಯಮಿತ ಮಿಡಿತಗಳಾಗಿ ಕಳಿಸುವ ನಕ್ಷತ್ರಗಳಾದ ಪಲ್ಸಾರ್‌ಗಳೊಂದಿಗೆ. ಅವುಗಳಲ್ಲೊಂದಾದ ಹರ್ಕ್ಯುಲಿಸ್ ಎಕ್ಸ್-1 ಸುಮಾರು 20,000 ಜ್ಯೋತಿರ್ವರ್ಷ ದೂರದಲ್ಲಿದ್ದು, 1.7 ದಿನಕ್ಕೊಮ್ಮೆ ತನ್ನ ಜೊತೆಗಾರನನ್ನು ಸುತ್ತುತ್ತದೆ. ಅದರ ಮಿಡಿತ 1.24 ಸೆಕೆಂಡಿಗೊಂದು. ಪ್ರಬಲ ಕ್ಷ-ಕಿರಣಗಳಿಗೆ ಅಳಿಕೆಯ ದೂರ ಈ ಇಡೀ ದಾರಿಗಿಂತ ಹೆಚ್ಚು. ರಿಟ್ಸ್ ಸರಿಯಾಗಿದ್ದರೆ ಕಕ್ಷೆಯ ಎರಡು ಬದಿಗಳ ಮಿಡಿತಗಳ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರ ಬೀಳಬೇಕಿತ್ತು. ಮಿಡಿತಗಳು ಲೆಕ್ಕ ತಪ್ಪದೆ ಬರುತ್ತಿವೆ, ಮತ್ತು ಅವುಗಳಿಂದ ಬ್ರೆಚರ್ ‘ಕೆ’ಗೆ ಹಾಕಿದ ಮೇಲ್ಮಿತಿ ನೂರು ಕೋಟಿಯಲ್ಲಿ 2 ಭಾಗ.