ಕೋಶವ್ಯಸನವೂ ಮಿತ್ರಬಲವೂ: ಆಸ್ಟ್ರಿಯಾದ ಪುನರುದ್ಧಾರ (1922-1926)

ರಾಜ್ಯವು ಏಳು ಅಂಗಗಳಿಂದ ಕೂಡಿದುದೆಂಬುದು ಭಾರತೀಯ ರಾಜನೀತಿಯ ಪ್ರಾಚೀನ ಸಿದ್ಧಾಂತ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬುದು ಇವುಗಳ ಕ್ರಮ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ಈ ಅಂಗಗಳಿಗೆ ಒದಗುವ ವ್ಯಸನಗಳ, ಎಂದರೆ ಆಪತ್ತುಗಳ, ವಿಚಾರವಿದೆ. ಮೊದಲು ಹೇಳಿದ ಅಂಗದ ವ್ಯಸನವು ಅನಂತರ ಹೇಳಿದುದರ ವ್ಯಸನಕ್ಕಿಂತ ಗುರುತರವೆಂಬ ಆಚಾರ್ಯರ ಪಕ್ಷವನ್ನು ಕೌಟಿಲ್ಯನು ಅಲ್ಲಿ ಎತ್ತಿಹಿಡಿದಿದ್ದಾನೆ. ಈ ಲೆಕ್ಕದಲ್ಲಿ ಜನಪದವು ಮೂರನೆಯದು, ಕೋಶವು ಐದನೆಯದು, ಮಿತ್ರನು ಕಟ್ಟಕಡೆಯವನು.

ಕೋಶವು ಬರಿದಾಗಿ ಮುರಿದುಬೀಳುತ್ತಿರುವ ರಾಜ್ಯವೊಂದನ್ನು ಮಿತ್ರರು ಒಂದುಗೂಡಿ ಎತ್ತಿ ನಿಲ್ಲಿಸಬಲ್ಲರೇ? ನಿಲ್ಲಿಸಿದರೆ ಅದು ಎಷ್ಟು ಕಾಲ ನಿಂತೀತು? ಇಂತಹ ಕಾರ್ಯದಲ್ಲಿ ಒದಗುವ ಅಪಾಯವನ್ನು ಹೊರುವವರಾರು? ಈ ಪ್ರಶ್ನೆಗಳಿಗೆ ಮೊದಲನೆಯ ಮಹಾಯುದ್ಧದ ತರುವಾಯ ಆಸ್ಟ್ರಿಯಾ ದೇಶದಲ್ಲಿ ರಾಷ್ಟ್ರಸಂಘವು ನಡೆಸಿದ ಪುನರುದ್ಧಾರಕಾರ್ಯದ ಚರಿತ್ರೆಯು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಅನೇಕ ರಾಷ್ಟ್ರಗಳ ನೆರವನ್ನು ಒಂದು ಸೂತ್ರಕ್ಕೆ ತಂದು, ಒಬ್ಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ವಿನಿಯೋಗಿಸಿದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೊಂದು. ಆದುದರಿಂದ ಇದರ ಗುಣದೋಷಗಳನ್ನು ತೂಗಿ ನೋಡುವುದು ಉಚಿತವಾಗಿದೆ.

1

ಯುದ್ಧಕ್ಕೆ ಮುಂಚೆ ಐದು ಕೋಟಿಗೆ ಮೀರಿದ ಪ್ರಜೆಗಳನ್ನುಳ್ಳ ಆಸ್ಟ್ರಿಯಾ-ಹಂಗೆರಿಯ ಸಾಮ್ರಾಜ್ಯವು 1918ರ ಶರತ್ಕಾಲದಲ್ಲಿ ಒಡೆದುಹೋಯಿತು. 1919ನೆಯ ಸೆಪ್ಟೆಂಬರ್ 10ರಂದು ಸೇಂಟ್ ಜರ್ಮೇನಿನಲ್ಲಿ ಆದ ಕೌಲಿನ ಪ್ರಕಾರ ಉಳಿದ ಆಸ್ಟ್ರಿಯಾ ಗಣರಾಜ್ಯದಲ್ಲಿ ಸುಮಾರು 65 ಲಕ್ಷ ಜನರಿದ್ದರು. ಇವರಲ್ಲಿ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ವಿಯೆನ್ನಾ ನಗರವೊಂದರಲ್ಲಿಯೇ ವಾಸಿಸುತ್ತಿದ್ದರು. ಸಾಮ್ರಾಜ್ಯದ ರಾಜಧಾನಿಯಾಗಿ ಬೆಳೆದ ಆ ಪಟ್ಟಣಕ್ಕೆ ಹಂಗೆರಿಯಿಂದ ಧಾನ್ಯವೂ ಬೊಹೀಮಿಯಾ, ಸೈಲೀಷಿಯಾ ಪ್ರಾಂತಗಳಿಂದ ಕಲ್ಲಿದ್ದಲೂ ಬರುತ್ತಿದ್ದುವು. ಈಗ ಅವೆಲ್ಲ ಪರರಾಜ್ಯಗಳಾದುವು. ನಡುವೆ ಸುಂಕದ ಕಟ್ಟೆಗಳು ಎದ್ದುವು. ಸಾಮ್ರಾಜ್ಯಕ್ಕಾಗಿ ನೇಮಕವಾಗಿದ್ದ ನೌಕರವರ್ಗವು ಮಾತ್ರ ಬಹುಪಾಲು ಚಿಕ್ಕ ಗಣರಾಜ್ಯದ ತಲೆಯ ಮೇಲೆಯೇ ಉಳಿಯಿತು. ಜರ್ಮನಿಯೊಡನೆ ಸೇರಬೇಕೆಂಬ ಬಯಕೆಯು ಅನೇಕರಿಗಿದ್ದರೂ, ರಾಷ್ಟ್ರಸಂಘದ ಮಂಡಲಿಯ ಒಪ್ಪಿಗೆಯಿಲ್ಲದೆ ಆಸ್ಟ್ರಿಯಾವು ತನ್ನ ಸ್ವಾತಂತ್ರ್ಯವನ್ನು ಬಿಟ್ಟುಕೊಡಕೂಡದೆಂದು ಕೌಲಿನಲ್ಲಿಯೇ ನಿಯಮವಿದ್ದಿತು.

ಆದಾಯವು ಸಾಲದೆ ಸರ್ಕಾರವು ಕಾಗದದ ನೋಟುಗಳನ್ನು ಅಚ್ಚುಮಾಡಿ ವೆಚ್ಚಗಳನ್ನು ತೂಗಿಸಲಾರಂಭಿಸಿತು. ಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ ಸುಮಾರು 5 ಕ್ರೌನುಗಳು ಸಲ್ಲುತ್ತಿದ್ದುವು. 1922ರ ಆಗಸ್ಟ್ ತಿಂಗಳಿನಲ್ಲಿ ಸುಮಾರು 80,000 ಕ್ರೌನುಗಳನ್ನು ತೆರಬೇಕಾಯಿತು. ಜೀವನದ ವೆಚ್ಚವು 1914ರಲ್ಲಿದ್ದುದರ ಸಾವಿರಾರು ಮಡಿಯಾಯಿತು. ಉಳಿತಾಯದ ಬಡ್ಡಿಯಿಂದಲೂ ನಿವೃತ್ತಿವೇತನದಿಂದಲೂ ಬಾಳುತ್ತಿದ್ದ ಮಧ್ಯಮವರ್ಗದವರು ನಿರ್ಗತಿಕರಾದರು.

2

ಹೊರಗಿನ ನೆರವು ಬರಲಿಲ್ಲವೆಂದಲ್ಲ. ಅಮೆರಿಕದ ಹೂವರನ ಆಡಳಿತದಲ್ಲಿದ್ದ ಪರಿಹಾರಸಂಸ್ಥೆಯು 1919ರಿಂದ ವಿಯೆನ್ನಾದ ಮಕ್ಕಳಿಗೆ ಊಟವಿಕ್ಕಿತು. ಕ್ವೇಕರ್ ಪಂಥದವರು ಅಲ್ಲಿ ಬೀಡುಬಿಟ್ಟು ಸೇವೆಮಾಡಿದರು. ಅದೇ ವರ್ಷ ಲಂಡನ್ನಿನಲ್ಲಿ ಎಗ್ಲಂಟೈನ್ ಜೆಬ್ ಎಂಬ ಮಹಿಳೆಯು ತನ್ನ ಸಹೋದರಿಯೊಡನೆ ಸ್ಥಾಪಿಸಿದ ಶಿಶುರಕ್ಷಣ ನಿಧಿಯೂ ಸೋತ ದೇಶಗಳ ಮಕ್ಕಳ ಹಸಿವನ್ನು ಕಂಡೇ ಹುಟ್ಟಿತು. ಸ್ವಿಟ್ಜರ್ಲೆಂಡ್, ಹಾಲೆಂಡ್ ಮೊದಲಾದ ದೇಶಗಳ ಗೃಹಸ್ಥರು ಆಸ್ಟ್ರಿಯಾದ ಮಕ್ಕಳನ್ನು ಮನೆಗೆ ಕರೆಸಿಕೊಂಡು ಸಾಕಿದರು. ಸರ್ಕಾರಗಳು ಧಾನ್ಯವನ್ನು ಸಾಲವಾಗಿ ಕೊಟ್ಟುವು. 1922ರ ಫೆಬ್ರುವರಿಯಲ್ಲಿ ಬ್ರಿಟನ್ 22,50,000 ಪೌಂಡುಗಳನ್ನು ಮುಂಗಡವಾಗಿತ್ತಿತು. ಅದು ಕೆಲವು ತಿಂಗಳುಗಳಲ್ಲಿ ಕರಗಿಹೋಯಿತು.

ನೆರವಿನ ಮೊತ್ತವು ಅಲ್ಪವಾಗಿದ್ದುದಕ್ಕಿಂತ ಅದು ಚದರಿಹೋಗಿದ್ದುದೇ ದೊಡ್ಡ ದೋಷವೆಂಬುದು ಇದರಿಂದ ವಿಶದವಾಗುತ್ತದೆ. ಒಬ್ಬೊಬ್ಬ ದಾನಿಯೂ ತನ್ನ ತನ್ನ ಅಳತೆಯಲ್ಲಿ, ತನ್ನ ತನ್ನ ಕಾಲದಲ್ಲಿ ಕೊಡುತ್ತಿದ್ದನು. ಕೊಟ್ಟುದು ಅಂದಂದಿನ ಹಸಿವಿಗೆ ಸಲ್ಲುತ್ತಿತ್ತೇ ಹೊರತು ಆಯವ್ಯಯದ ತೂತನ್ನು ಮುಚ್ಚುತ್ತಿರಲಿಲ್ಲ. ಇದಕ್ಕಿಂತ ತೊಡಕಾದ ವಿಷಯ ಮತ್ತೊಂದಿತ್ತು. ಯುದ್ಧನಷ್ಟದ ಪರಿಹಾರಕ್ಕೋಸ್ಕರ ಆಸ್ಟ್ರಿಯಾದ ಸಮಸ್ತ ಸ್ವತ್ತುಗಳ ಮೇಲೂ ಆದಾಯಗಳ ಮೇಲೂ ವಿಜಯಿಗಳಿಗೆ ಮೊದಲನೆಯ ಹಕ್ಕಿದ್ದಿತು. ಧಾನ್ಯವನ್ನು ಸಾಲವಾಗಿ ಕೊಟ್ಟ ರಾಷ್ಟ್ರಗಳಿಗೂ ತಮ್ಮ ತಮ್ಮ ಹಕ್ಕುಗಳಿದ್ದುವು. ಅಡವಿಡುವುದಕ್ಕೆ ಏನೂ ಉಳಿಯದ ದೇಶಕ್ಕೆ ಹೊಸದಾಗಿ ಸಾಲಕೊಡುವ ಸಾಹುಕಾರನಾರು? 1921ರಲ್ಲಿ ರಾಷ್ಟ್ರಸಂಘದ ಹಣಕಾಸಿನ ಸಮಿತಿಯು ಈ ಹಕ್ಕುಗಳನ್ನೆಲ್ಲ ಮುಂದಕ್ಕೆ ಹಾಕಬೇಕೆಂದು ಸೂಚಿಸಿತು. ಬಹು ರಾಷ್ಟ್ರಗಳು ಒಪ್ಪಿದರೂ ಎಲ್ಲರ ಒಪ್ಪಿಗೆಯೂ ಕೂಡಿಬರಲಿಲ್ಲ. ಅಮೆರಿಕದ ಕಾಂಗ್ರೆಸ್ಸು ಇದಕ್ಕೆ ಬೇಕಾದ ನಿರ್ಣಯವನ್ನು ಮಾಡಿದುದು 1922ರ ಏಪ್ರಿಲಿನಲ್ಲಿ. ಅಷ್ಟರಲ್ಲಿ ಒಂದು ವರ್ಷವು ಕಳೆದು ಕ್ರೌನು ಪಾತಾಳಕ್ಕಿಳಿದಿದ್ದಿತು.

3

1922ನೆಯ ಮೇ 31ರಂದು ಇಗ್ನಾಜ್ ಸೈಪೆಲ್ ಎಂಬ ಕ್ಯಾಥೊಲಿಕ್ ಪಾದ್ರಿಯು ಆಸ್ಟ್ರಿಯಾದ ಪ್ರಧಾನಿಯಾದನು. ಆಗಸ್ಟ್ ತಿಂಗಳಿನಲ್ಲಿ ಲಂಡನ್ನಿನಲ್ಲಿ ಕೂಡಿದ ಮಿತ್ರರಾಷ್ಟ್ರಗಳು ತಮ್ಮಿಂದ ಇನ್ನು ಹಣವು ಹೊರಡದೆಂದು ಹೇಳಿ ಆಸ್ಟ್ರಿಯಾದ ಪ್ರಶ್ನೆಯನ್ನು ರಾಷ್ಟ್ರಸಂಘಕ್ಕೆ ಒಪ್ಪಿಸಿಬಿಟ್ಟುವು. ಕೈತೊಳೆದುಕೊಂಡಂತೆ ಕಂಡ ಈ ಕ್ರಮವನ್ನೇ ಸೈಪೆಲನು ಅವಕಾಶವನ್ನಾಗಿ ಮಾಡಿಕೊಂಡನು. ಪ್ರಾಗ್, ಬರ್ಲಿನ್, ವೆರೋನಾ ಪಟ್ಟಣಗಳಿಗೆ ಒಂದರ ಹಿಂದೊಂದರಂತೆ ಪ್ರಯಾಣಮಾಡಿದನು. ಆಸ್ಟ್ರಿಯಾವು ಕುಸಿದರೆ ಅದರ ನೆಲವು ಮತ್ತೊಬ್ಬನ ಕೈಸೇರೀತೆಂಬ ಶಂಕೆಯು ನೆರೆಯ ಪ್ರತಿಯೊಂದು ರಾಜ್ಯಕ್ಕೂ ಇದ್ದಿತು. ಈ ಶಂಕೆಯೇ ಅವನ ಬಂಡವಾಳ. ಸೆಪ್ಟೆಂಬರ್ 6ರಂದು ಅವನು ಜಿನೀವಾದಲ್ಲಿ ಮಂಡಲಿಯ ಮುಂದೆ ನಿಂತು ತನ್ನ ದೇಶದ ಸ್ಥಿತಿಯನ್ನು ನಿವೇದಿಸಿದನು.

ಅಕ್ಟೋಬರ್ 4ರಂದು ಮೂರು ಒಪ್ಪಂದಪತ್ರಗಳಿಗೆ ರುಜುಬಿದ್ದಿತು. ಮೊದಲನೆಯದರಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ, ಚೆಕೊಸ್ಲೊವಾಕಿಯಾಗಳು ಆಸ್ಟ್ರಿಯಾದ ಸ್ವಾತಂತ್ರ್ಯವನ್ನೂ ಗಡಿಗಳನ್ನೂ ಗೌರವಿಸುವುದಾಗಿಯೂ, ಆಸ್ಟ್ರಿಯಾವು ತನ್ನ ಸ್ವಾತಂತ್ರ್ಯವನ್ನು ಪರಾಧೀನಮಾಡುವುದಿಲ್ಲವೆಂದೂ ಮಾತುಕೊಟ್ಟುವು. ಎರಡನೆಯದು 65 ಕೋಟಿ ಚಿನ್ನದ ಕ್ರೌನುಗಳ ಸಾಲಕ್ಕೆ ಸಂಬಂಧಿಸಿದುದು. ಇದರಲ್ಲಿ 52 ಕೋಟಿಯು ಎರಡು ವರ್ಷಗಳ ಕೊರತೆಯನ್ನು ತುಂಬುವುದಕ್ಕೆ. 13 ಕೋಟಿಯು ಹಿಂದಣ ಮುಂಗಡಗಳನ್ನು ತೀರಿಸುವುದಕ್ಕೆ. ಮೂರನೆಯದು ಆಸ್ಟ್ರಿಯಾವು ಮಾಡಬೇಕಾದ ಸುಧಾರಣೆಗಳ ಪಟ್ಟಿ.

ಅಪಾಯವನ್ನು ಹಂಚಿಕೊಂಡ ಬಗೆಯು ಗಮನಾರ್ಹವಾಗಿದೆ. ಸಾಲದ ಹಣವನ್ನು ಕೊಡುವವರು ಸರ್ಕಾರಗಳಲ್ಲ, ಪೇಟೆಯ ಬಂಡವಾಳಗಾರರು. ಸರ್ಕಾರಗಳು ಜಾಮೀನು ಮಾತ್ರ. ಬ್ರಿಟನ್, ಫ್ರಾನ್ಸ್, ಚೆಕೊಸ್ಲೊವಾಕಿಯಾಗಳು ನೂರಕ್ಕೆ 24½ರಂತೆ, ಇಟಲಿಯು 20½ರಂತೆ, ಬೆಲ್ಜಿಯಂ ಮತ್ತು ಸ್ವೀಡನ್ ಎರಡೆರಡರಂತೆ, ಡೆನ್ಮಾರ್ಕ್ ಮತ್ತು ಹಾಲೆಂಡ್ ಒಂದೊಂದರಂತೆ ಹೊಣೆಹೊತ್ತುವು. ಒಬ್ಬನು ತಪ್ಪಿದರೆ ಇನ್ನೊಬ್ಬನು ಅವನ ಪಾಲನ್ನು ತೆರಬೇಕಾಗಿರಲಿಲ್ಲ. ಪ್ರತಿಯೊಬ್ಬನ ಹೊಣೆಗೂ ಎಲ್ಲೆಯಿದ್ದಿತು. ನಾಲ್ಕು ವರ್ಷಗಳ ಹಿಂದೆ ವಿಯೆನ್ನಾದ ಆಳಿಕೆಗೊಳಪಟ್ಟಿದ್ದ ಚೆಕ್ಕರು ಬ್ರಿಟನ್ನಿಗೆ ಸರಿಸಮನಾದ ಜಾಮೀನನ್ನು ಕೊಟ್ಟುದು ವಿಶೇಷ. ಸುಂಕದ ಆದಾಯವೂ ಹೊಗೆಸೊಪ್ಪಿನ ಏಕಸ್ವಾಮ್ಯದ ಆದಾಯವೂ ಸಾಲಕ್ಕೆ ಅಡವಾದುವು. ಹಳೆಯ ಹಕ್ಕುದಾರರು ಹಿಂದೆ ಸರಿದುದರಿಂದಲೇ ಈ ಅಡವಿಗೆ ಬೆಲೆ ಬಂದಿತು.

4

ಈ ಏರ್ಪಾಡಿನ ಕೀಲು ಒಬ್ಬ ಅಧಿಕಾರಿಯ ಕೈಯಲ್ಲಿದ್ದಿತು. ರಾಟರ್‌ಡ್ಯಾಮ್ ನಗರದ ಮೇಯರಾಗಿದ್ದ ಡಚ್ಚರ ಜಿಮ್ಮರ್‌ಮನ್ನನು ಕಮಿಷನರ್-ಜನರಲ್ ಆಗಿ 1922ರ ಡಿಸೆಂಬರಿನಲ್ಲಿ ವಿಯೆನ್ನಾಕ್ಕೆ ಬಂದನು. ಅಡವಾದ ಆದಾಯಗಳು ಅವನ ಅಧೀನದ ಖಾತೆಗೆ ಜಮೆಯಾಗುತ್ತಿದ್ದುವು. ಸುಧಾರಣೆಯು ಗೊತ್ತಾದಂತೆ ನಡೆದುದು ಕಂಡರೆ ಮಾತ್ರ ಸಾಲದ ಹಣವು ಸರ್ಕಾರದ ಕೈಗೆ ಹೋಗುತ್ತಿದ್ದಿತು. ತಿಂಗಳು ತಿಂಗಳೂ ಅವನ ವರದಿಯು ಜಿನೀವಾಕ್ಕೆ ಹೋಗುತ್ತಿದ್ದಿತು. ಸರ್ಕಾರಕ್ಕೆ ನೋಟುಗಳನ್ನು ಅಚ್ಚುಮಾಡಿಕೊಡಲು ಬಾರದ ಹೊಸ ರಾಷ್ಟ್ರೀಯ ಬ್ಯಾಂಕು 1923ರ ಆರಂಭದಲ್ಲಿ ಕೆಲಸಕ್ಕೆ ತೊಡಗಿತು.

ಸರ್ಕಾರದ ಖರ್ಚಿಗಾಗಿ ನೋಟುಗಳನ್ನು ಅಚ್ಚುಮಾಡುವುದು 1922ನೆಯ ನವೆಂಬರ್ 18ರಂದೇ ನಿಂತುಹೋಯಿತು. ದೊಡ್ಡ ಸಾಲವು ಪೇಟೆಗಳಲ್ಲಿ ಎತ್ತಲ್ಪಟ್ಟುದಾದರೋ 1923ರ ಬೇಸಗೆಯಲ್ಲಿ. ಆದರೂ ಕ್ರೌನು 1922ರ ಶರತ್ಕಾಲದಿಂದಲೇ ಇಳಿಯದೆ ನಿಂತಿದ್ದಿತು. ಹಣವು ಬರುವುದಕ್ಕೆ ಮುಂಚೆಯೇ ನಂಬಿಕೆಯು ಬಂದಿತೆಂಬುದು ಈ ಚರಿತ್ರೆಯ ಒಂದು ಮುಖ್ಯ ಪಾಠ. ದಾನಿಗಳು ಚದರಿದ್ದಾಗ ಲಕ್ಷಗಟ್ಟಲೆ ಪೌಂಡುಗಳು ಮಾಡಲಾರದ ಕೆಲಸವನ್ನು ಅವರು ಒಂದಾದರೆಂಬ ಸುದ್ದಿಯೇ ಮಾಡಿತು. ಸಾಲದ ಬೆಲೆ ಮಾತ್ರ ಅಗ್ಗವಾಗಿರಲಿಲ್ಲ. ಲಂಡನ್ನಿನಲ್ಲಿ ನೂರರ ಸಾಲಪತ್ರವು 80ಕ್ಕೆ ಮಾರಿ ಬಡ್ಡಿಯು 6ರಂತಿದ್ದಿತು. ನ್ಯೂಯಾರ್ಕಿನಲ್ಲಿ 90ಕ್ಕೆ ಮಾರಿ ಬಡ್ಡಿಯು 7ರಂತಿದ್ದಿತು. ಎಂಟು ಸರ್ಕಾರಗಳ ಜಾಮೀನಿದ್ದರೂ ಬಂಡವಾಳಗಾರರು ತಮ್ಮ ಭಯಕ್ಕೆ ತಕ್ಕ ಬೆಲೆಯನ್ನು ಪಡೆಯದೆ ಬಿಡಲಿಲ್ಲ.

ನಿರೀಕ್ಷಿಸಿದ ಎರಡು ವರ್ಷಗಳಿಗೆ ಮುಂಚೆಯೇ ಆಯವ್ಯಯವು ಸರಿದೂಗಿತು. 1924ರ ಡಿಸೆಂಬರಿನ ಕಾನೂನಿನಿಂದ 10,000 ಕಾಗದದ ಕ್ರೌನುಗಳಿಗೆ ಒಂದರಂತೆ ಶಿಲ್ಲಿಂಗೆಂಬ ಹೊಸ ನಾಣ್ಯವು ಬಂದಿತು. 1926ನೆಯ ಜೂನ್ 30ರಂದು ಜಿಮ್ಮರ್‌ಮನ್ನನ ಅಧಿಕಾರವು ಮುಗಿಯಿತು. ಇದೇ ಮಾದರಿಯು 1924ರಲ್ಲಿ ಹಂಗೆರಿಗೂ ಅನ್ವಯವಾಯಿತು. ಕೋಶವ್ಯಸನಕ್ಕೆ ಮಿತ್ರಬಲವು ಮದ್ದಾಯಿತೆಂದು ಆ ಕಾಲದವರು ಸಂತೋಷಪಟ್ಟುದು ಸಹಜ.

5

ಆದರೆ ಈ ಚಿಕಿತ್ಸೆಯ ನೋವನ್ನು ಉಂಡವರಾರೆಂಬುದನ್ನೂ ನೋಡತಕ್ಕದ್ದು. 1,00,000 ಮಂದಿ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯಬೇಕೆಂಬುದು ಸುಧಾರಣೆಯ ಒಂದು ಕಲಮು. ಕಡೆಗೆ ಕೆಲಸ ಬಿಡಬೇಕಾದವರು 80,000ಕ್ಕೂ ಮಿಕ್ಕಿದ್ದರು. ನಾಣ್ಯವು ನಿಂತ ಕೂಡಲೆ ಕಾರ್ಖಾನೆಗಳಲ್ಲಿ ಕೆಲಸವು ಕುಗ್ಗಿತು. 1923ರ ಮೊದಲಲ್ಲಿಯೇ ನಿರುದ್ಯೋಗ ವೇತನವನ್ನು ಪಡೆಯುವವರ ಸಂಖ್ಯೆಯು ಒಂದೂವರೆ ಲಕ್ಷವನ್ನು ದಾಟಿತು; ಮೇಲ್ವಿಚಾರಣೆಯು ಮುಗಿಯಲಿದ್ದ 1926ರ ಚಳಿಗಾಲದಲ್ಲಿ ಎರಡು ಲಕ್ಷವನ್ನು ಮೀರಿತು. ಒಟ್ಟೊ ಬಾವರ್ ಮೊದಲಾದ ಸಮಾಜವಾದಿಗಳು ಜಿನೀವಾದ ಪತ್ರಗಳನ್ನು ದಾಸ್ಯದ ಪತ್ರಗಳೆಂದು ಖಂಡಿಸಿದರು. ಅವರ ಆಕ್ಷೇಪಣೆಗೆ ಆಧಾರವಿಲ್ಲದಿರಲಿಲ್ಲ. ಪ್ರಜೆಗಳು ಆರಿಸಿದ ಸಭೆಯು ಎರಡು ವರ್ಷಗಳ ಕಾಲ ಸುಧಾರಣೆಯ ಅಧಿಕಾರವನ್ನು ಸರ್ಕಾರಕ್ಕೆ ಬಿಟ್ಟುಕೊಡಬೇಕೆಂಬುದು ಒಪ್ಪಂದದಲ್ಲಿದ್ದಿತು. ಸಕಲ ಪಕ್ಷಗಳೂ ತಮ್ಮ ಬಲಕ್ಕೆ ತಕ್ಕಂತೆ ಪಾಲುಗೊಂಡ ಅಸಾಧಾರಣ ಮಂತ್ರಾಲೋಚನಸಭೆಯನ್ನು ಏರ್ಪಡಿಸಿ ಈ ನಿಯಮದ ಮೊನೆಯನ್ನು ಮೊಂಡುಮಾಡಿದರು. ಆದರೂ ಕಹಿಯು ಹೋಗಲಿಲ್ಲ. 1924ನೆಯ ಜೂನ್ 1ರಂದು ಸೈಪೆಲನ ಮೇಲೆ ಒಬ್ಬ ಕೆಲಸಗಾರನು ಗುಂಡುಹಾರಿಸಿದನು. ಪ್ರಧಾನಿಯು ಗಾಯಗೊಂಡು ಬದುಕಿದನು.

ಮತ್ತೊಂದು ಅಪಾಯವು ಯಾರ ಲೆಕ್ಕದಲ್ಲಿಯೂ ಸೇರದೆ ಉಳಿಯಿತು. ಜಿಮ್ಮರ್‌ಮನ್ನನ ಹಿಡಿತವಿದ್ದುದು ಸರ್ಕಾರದ ಬೊಕ್ಕಸದ ಮೇಲೆ. ವಿಯೆನ್ನಾದ ಖಾಸಗಿ ಬ್ಯಾಂಕುಗಳ ಮೇಲಲ್ಲ. ಸಾಮ್ರಾಜ್ಯವು ಹೋದರೂ ಆ ಬ್ಯಾಂಕುಗಳು ಹಳೆಯ ಪ್ರಾಂತಗಳ ಕಾರ್ಖಾನೆಗಳಿಗೆ ಸಾಲಕೊಡುವುದನ್ನು ಬಿಡಲಿಲ್ಲ. 1924ರಲ್ಲಿ ಫ್ರಾಂಕ್ ನಾಣ್ಯದ ಸಟ್ಟಾವ್ಯಾಪಾರದಲ್ಲಿ ಕೈಸುಟ್ಟುಕೊಂಡು ಕೆಲವು ಮುರಿದುವು. 1929ರಲ್ಲಿ ಮುರಿಯಲಿದ್ದ ಬೋಡೆನ್‌ಕ್ರೆಡಿಟ್ ಸಂಸ್ಥೆಯನ್ನು ಕ್ರೆಡಿಟ್‌ಆನ್‌ಸ್ಟಾಲ್ಟ್ ಬ್ಯಾಂಕಿಗೆ ಕಟ್ಟಿದರು. 1931ನೆಯ ಮೇ 11ರಂದು ಕ್ರೆಡಿಟ್‌ಆನ್‌ಸ್ಟಾಲ್ಟ್ ಬ್ಯಾಂಕೇ 14 ಕೋಟಿ ಶಿಲ್ಲಿಂಗುಗಳ ನಷ್ಟವನ್ನು ಪ್ರಕಟಿಸಿತು. ಆ ಬಿರುಕು ಮಧ್ಯ ಯೂರೋಪನ್ನೆಲ್ಲ ಅಲುಗಿಸಿತು.

ಆಗ ನೆರವಿಗೆ ಬರಬೇಕಾದ ಮಿತ್ರರು ಮತ್ತೆ ಚದರಿದ್ದರು. ಜರ್ಮನಿಯೊಡನೆ ಸುಂಕದ ಒಕ್ಕೂಟವನ್ನು ಮಾಡಿಕೊಳ್ಳಲು ಆಸ್ಟ್ರಿಯಾವು ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಹೊರಟಿದ್ದುದು ಫ್ರಾನ್ಸಿಗೆ ಸಹಿಸಲಿಲ್ಲ. ಸೆಪ್ಟೆಂಬರ್ 5ರಂದು ಅಂತರರಾಷ್ಟ್ರೀಯ ನ್ಯಾಯಸ್ಥಾನವು ಎಂಟು ಮಂದಿಗೆ ಏಳು ಮಂದಿಯ ಮತಭೇದದಿಂದ ಆ ಒಕ್ಕೂಟವು 1922ರ ಒಪ್ಪಂದಕ್ಕೆ ವಿರುದ್ಧವೆಂದು ಅಭಿಪ್ರಾಯಪಟ್ಟಿತು. ಬದುಕಿಸುವುದಕ್ಕೆಂದು ಬರೆದ ಪತ್ರವೇ ಕೈಕಟ್ಟುವ ಪತ್ರವಾಯಿತು. 1932ರಲ್ಲಿ ಲಾಸಾನಿನಲ್ಲಿ ಗೊತ್ತಾದ 30 ಕೋಟಿ ಶಿಲ್ಲಿಂಗುಗಳ ಎರಡನೆಯ ಸಾಲವನ್ನು ಆಸ್ಟ್ರಿಯಾದ ಶಾಸನಸಭೆಯು 81ಕ್ಕೆ 80ರಂತೆ ಒಂದೇ ಮತದ ಬಹುಮತದಿಂದ ಅಂಗೀಕರಿಸಿತು. ಮರುವರ್ಷದ ಮಾರ್ಚಿನಲ್ಲಿ ಆ ಸಭೆಯೇ ನಿಂತುಹೋಯಿತು. 1938ರ ಮಾರ್ಚಿನಲ್ಲಿ ಜರ್ಮನಿಯ ಸೇನೆಯು ವಿಯೆನ್ನಾವನ್ನು ಸೇರಿದಾಗ, ಸ್ವಾತಂತ್ರ್ಯವನ್ನು ಗೌರವಿಸುವುದಾಗಿ ಜಿನೀವಾದಲ್ಲಿ ಮಾತುಕೊಟ್ಟ ರಾಷ್ಟ್ರಗಳಲ್ಲಿ ಒಂದೂ ಕೈಯೆತ್ತಲಿಲ್ಲ.

6

ಇದನ್ನೆಲ್ಲ ಕಂಡು ಜಿನೀವಾದ ಕಾರ್ಯವು ವ್ಯರ್ಥವಾಯಿತೆನ್ನುವುದು ನ್ಯಾಯವಲ್ಲ. ಹಳೆಯ ಹಕ್ಕುಗಳನ್ನು ಹಿಂದಕ್ಕೆ ಸರಿಸುವುದು, ಹೊಣೆಯನ್ನು ಎಲ್ಲೆಕಟ್ಟಿ ಹಂಚುವುದು, ಹಣವನ್ನು ಒಂದೇ ಖಾತೆಯಿಂದ ಹೊರಡಿಸುವುದು, ಲೆಕ್ಕವನ್ನು ಬಹಿರಂಗಪಡಿಸುವುದು ಎಂಬ ನಾಲ್ಕು ಉಪಾಯಗಳನ್ನು ಅದು ಲೋಕಕ್ಕೆ ತೋರಿಸಿಕೊಟ್ಟಿತು. ಮುಂದಣ ಅಂತರರಾಷ್ಟ್ರೀಯ ನೆರವಿನ ಸಂಸ್ಥೆಗಳಲ್ಲೆಲ್ಲ ಇವುಗಳ ಛಾಯೆಯನ್ನು ಕಾಣಬಹುದು. ದೋಷವಿದ್ದುದು ಅಪಾಯದ ಎಣಿಕೆಯಲ್ಲಿ. ಸಾಲಕೊಟ್ಟವನ ನಷ್ಟಭಯಕ್ಕೆ ಜಾಮೀನು, ಅಡವು, ಮೇಲ್ವಿಚಾರಕ, ಮಾಸಿಕ ವರದಿ ಎಂಬ ನಾಲ್ಕು ಸುತ್ತಿನ ಕೋಟೆಯಿದ್ದಿತು. ಕೆಲಸ ಕಳೆದುಕೊಂಡ ಗುಮಾಸ್ತನ ಅಪಾಯಕ್ಕೂ ಬ್ಯಾಂಕಿನಲ್ಲಿ ಹಣವಿಟ್ಟವನ ಅಪಾಯಕ್ಕೂ ಒಂದು ಬೇಲಿಯೂ ಇರಲಿಲ್ಲ.

ಒಂದು ಶತಮಾನದ ತರುವಾಯವೂ ಈ ಪ್ರಶ್ನೆಯು ಹಳೆಯದಾಗಿಲ್ಲ. 2002ರಲ್ಲಿ ವಿಶ್ವಬ್ಯಾಂಕಿನ ಆಡಳಿತದಲ್ಲಿ ಅಫ್ಘಾನಿಸ್ತಾನಕ್ಕಾಗಿ ಏರ್ಪಟ್ಟ ಪುನರ್ನಿರ್ಮಾಣ ನಿಧಿಯಲ್ಲಿ ಅನೇಕ ರಾಷ್ಟ್ರಗಳ ದಾನವು ಒಂದೇ ಪಾತ್ರೆಗೆ ಬಿದ್ದು, ಲೆಕ್ಕವನ್ನು ನೋಡಿಯೇ ಹೊರಕ್ಕೆ ಹರಿಯುತ್ತಿದ್ದಿತು. 2021ರ ವೇಳೆಗೆ ಆ ದೇಶದ ಸರ್ಕಾರಿ ವೆಚ್ಚದ ಸುಮಾರು ಮುಕ್ಕಾಲು ಪಾಲು ಹೊರಗಿನ ದಾನದಿಂದ ನಡೆಯುತ್ತಿದ್ದಿತು. ಆ ವರ್ಷದ ಆಗಸ್ಟಿನಲ್ಲಿ ಕಾಬೂಲು ತಾಲಿಬಾನರ ವಶವಾದಾಗ ದಾನಿಗಳು ತಮ್ಮ ಹಣವನ್ನು ತಡೆದು ನಷ್ಟದಿಂದ ಪಾರಾದರು. ಸಂಬಳ ನಿಂತ ಉಪಾಧ್ಯಾಯರಿಗೂ ದಾದಿಯರಿಗೂ ಪಾರಾಗುವ ದಾರಿಯಿರಲಿಲ್ಲ. ದೇಶಕಾಲಗಳು ಬೇರೆಯಾದರೂ ಅಪಾಯವು ಕಡೆಗೆ ಬಂದು ಬಿದ್ದ ಸ್ಥಳವು ಒಂದೇ.

ಕೌಟಿಲ್ಯನು ಜನಪದವನ್ನು ಕೋಶಕ್ಕಿಂತ ಮುಂದೆಯೂ ಮಿತ್ರನನ್ನು ಎಲ್ಲಕ್ಕಿಂತ ಹಿಂದೆಯೂ ಇಟ್ಟುದರ ಸಾರ್ಥಕ್ಯವು ಇಲ್ಲಿ ವ್ಯಕ್ತವಾಗುತ್ತದೆ. ಮಿತ್ರರು ಒಂದಾದರೆ ಕೋಶವು ತುಂಬೀತು. ಆಸ್ಟ್ರಿಯಾದಲ್ಲಿ ಅದು ನಾಲ್ಕೇ ವರ್ಷಗಳಲ್ಲಿ ತುಂಬಿತು. ಆದರೆ ಕೋಶವು ತುಂಬಿದ ಮೇಲೂ ಜನಪದವು ಬಳಲುತ್ತಲೇ ಇದ್ದರೆ ರಾಜ್ಯದ ವ್ಯಸನವು ತೀರಿತೆಂದು ಹೇಳಲಾಗುವುದಿಲ್ಲ. 1926ರಲ್ಲಿ ಜಿನೀವಾದ ಅಧಿಕಾರಿಗಳು ಮುಚ್ಚಿದ ಲೆಕ್ಕದ ಪುಸ್ತಕದಲ್ಲಿ ಈ ಕಡೆಯ ಬಾಬು ಬರೆಯದೆಯೇ ಉಳಿದಿತ್ತು.