ದಂಡಿನ ಪ್ರದೇಶದ ಚೀಟಿಯೂ ವಿದ್ಯಾವ್ಯಯವೂ

1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ನೆಲೆಗೊಂಡ ಬೆಂಗಳೂರು ದಂಡಿನ ಪ್ರದೇಶದಲ್ಲಿ ಮಕ್ಕಳ ವಿದ್ಯಾವ್ಯಯಕ್ಕೆ ದಾರಿ ತೋರುತ್ತಿದ್ದವರು ಮನೆಯ ಹಿರಿಯರು, ಒಡವೆಯ ಮೇಲೆ ಸಾಲವೀಯುವ ಸಾಹುಕಾರರು, ಚೀಟಿ ನಡೆಸುವ ಯಜಮಾನರು. 1873ರಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಅಲ್ಲಿ ಬಡಮಕ್ಕಳಿಗೆ ಉಚಿತ ಪಾಠಶಾಲೆಯನ್ನು ತೆರೆದರು. 1882ರಲ್ಲಿ ಅಂಚೆಕಚೇರಿಯ ಉಳಿತಾಯ ಖಾತೆಯೂ ಬಂದಿತು.

ಆದರೂ ಶಿವಾಜಿನಗರದ ಬೀದಿಗಳಲ್ಲಿ ಜನ ನೆಚ್ಚಿದುದು ಚೀಟಿಯನ್ನೇ. 20 ಮಂದಿ ತಿಂಗಳಿಗೆ ತಲಾ 1,000 ರೂಪಾಯಿ ಕಟ್ಟುವ ಚೀಟಿಯಲ್ಲಿ, ಶುಲ್ಕದ ಗಡುವು ಸಮೀಪಿಸಿದ ತಂದೆ ಹರಾಜಿನಲ್ಲಿ 4,000 ಬಿಟ್ಟುಕೊಟ್ಟು 16,000 ಎತ್ತುವನು; ಆ ನಷ್ಟವೇ ಅವನು ತೆತ್ತ ಬಡ್ಡಿ, ಅದರೊಳಗಿನ ಯಜಮಾನನ ಕಮಿಷನ್ನೇ ಸಲಹೆಯ ಸಂಭಾವನೆ. ಆ ಕಮಿಷನ್ನಿಗೆ 1982ರ ಚೀಟಿನಿಧಿ ಕಾಯಿದೆ ಶೇಕಡಾ 5ರ ಮಿತಿಯನ್ನು ವಿಧಿಸಿತು. 2019ರ ತಿದ್ದುಪಡಿಯಿಂದ ಅದು 7 ಆಯಿತು.

ಇಂದು ಸಲಹೆಗೆ ಬೇರೆ ದಾರಿಯೂ ಇದೆ: 2013ರಿಂದ ಹೂಡಿಕೆಯ ಸಲಹೆಗಾರರು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ಸರ್ಕಾರಿ ಕಾಲೇಜಿನ ಶುಲ್ಕಕ್ಕೆ ಅವರ ನೆರವು ಅನಾವಶ್ಯಕವೆಂದೇ ನನ್ನ ಎಣಿಕೆ. ಮನೆಯನ್ನು ಒತ್ತೆಯಿಟ್ಟು ಮಗಳನ್ನು ವಿದೇಶಕ್ಕೆ ಕಳುಹಿಸಹೊರಟ ಇಂದಿರಾನಗರದ ದಂಪತಿಗಳಾದರೋ, ಕಮಿಷನ್ನಿಗೆ ಆಸೆಪಡದೆ ನೇರವಾಗಿ ಸಂಭಾವನೆ ಪಡೆಯುವ ಸಲಹೆಗಾರನನ್ನು, ಸಾಲಪತ್ರಕ್ಕೆ ಸಹಿ ಹಾಕುವುದಕ್ಕೆ ಮುನ್ನವೇ ಕಾಣಬೇಕು.