ಎಫ್‌ಎಸ್‌ಟ್ಯಾಬ್
ಲಿನಕ್ಸ್ ಗಣಕ ಬೂಟ್ ಆಗುವಾಗ ಯಾವ ಡಿಸ್ಕ್ ವಿಭಾಗವನ್ನು ಯಾವ ಫೋಲ್ಡರಿನಲ್ಲಿ ಮೌಂಟ್ ಮಾಡಬೇಕೆಂದು ತಿಳಿಸುವ ಪಠ್ಯ ಕಡತ. ಇರುವುದು ಇಟಿಸಿ ಫೋಲ್ಡರಿನಲ್ಲಿ. ತಿದ್ದಲು ರೂಟ್ ಅಧಿಕಾರ ಬೇಕು. ವಿಂಡೋಸ್‌ನ ಸಿ, ಡಿ ಡ್ರೈವ್‌ಗಳಂತೆ ಇಲ್ಲಿ ಬೇರೆಬೇರೆ ಅಕ್ಷರಗಳಿಲ್ಲ, ಎಲ್ಲವೂ ರೂಟ್ ಎಂಬ ಮೂಲ ಫೋಲ್ಡರಿನಿಂದ ಕವಲೊಡೆಯುವ ಒಂದೇ ಮರಕ್ಕೆ ಸೇರುತ್ತವೆ.

ಪ್ರತಿ ಸಾಲಿನಲ್ಲಿ 6 ಅಂಕಣಗಳು: ಸಾಧನ, ಮೌಂಟ್ ಆಗುವ ಜಾಗ, ಕಡತ ವ್ಯವಸ್ಥೆಯ ಬಗೆ, ಆಯ್ಕೆಗಳು, ಡಂಪ್ ಬ್ಯಾಕಪ್‌ನ ಸೂಚನೆ, ತಪಾಸಣೆಯ ಸರದಿ. ಐದನೆಯದು ಈಗ ಬಹುತೇಕ 0. ಆರನೆಯದು ರೂಟ್‌ಗೆ 1, ಉಳಿದವಕ್ಕೆ 2, ತಪಾಸಣೆ ಬೇಡವಾದರೆ 0.

ಸಾಧನವನ್ನು ಎಸ್‌ಡಿಎ1, ಎಸ್‌ಡಿಬಿ1 ಎಂದು ಬರೆಯುವುದು ಅಪಾಯಕರ. ಡಿಸ್ಕ್‌ಗಳು ಪತ್ತೆಯಾಗುವ ಕ್ರಮ ಬದಲಾದರೆ ಈ ಹೆಸರುಗಳೂ ಅದಲುಬದಲಾಗುತ್ತವೆ. ಬಿಎಲ್‌ಕೆಐಡಿ ಆಜ್ಞೆ ತೋರಿಸುವ ಯುಯುಐಡಿ ಸಂಕೇತವನ್ನೇ ಬಳಸುವುದು ಲೇಸು. ವಿಭಾಗವನ್ನು ಮತ್ತೆ ಫಾರ್ಮ್ಯಾಟ್ ಮಾಡುವ ತನಕ ಅದು ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ.

ಆಗಾಗ ಕಳಚಿಡುವ ಯುಎಸ್‌ಬಿ ಡಿಸ್ಕ್‌ನ ಸಾಲಿಗೆ ‘ನೋಫೇಲ್’ ಆಯ್ಕೆ ಸೇರಿಸಲೇಬೇಕು. ಇಲ್ಲವಾದರೆ ಬೂಟ್ ನಿರ್ವಹಿಸಲು ಸಿಸ್ಟಮ್‌ಡಿ ಬಳಸುವ ಗಣಕ, ಜೋಡಿಸದ ಆ ಡಿಸ್ಕ್‌ಗಾಗಿ ಸಾಮಾನ್ಯವಾಗಿ 90 ಸೆಕೆಂಡು ಕಾದು, ಬೂಟ್ ಮುಂದುವರಿಸದೆ ತುರ್ತು ಸ್ಥಿತಿಗೆ ಹೋಗುತ್ತದೆ. ಸಾಲಿನಲ್ಲಿನ ತಪ್ಪೂ ಬೂಟನ್ನು ಹೀಗೆ ನಿಲ್ಲಿಸಬಹುದು. ಆದ್ದರಿಂದ ಕಡತ ತಿದ್ದಿದ ಕೂಡಲೇ, ರೀಬೂಟ್‌ಗೆ ಮುಂಚೆಯೇ, ‘ಮೌಂಟ್ -ಎ’ ಆಜ್ಞೆ ಕೊಟ್ಟು ನೋಡಬೇಕು. ಸಾಲಿನಲ್ಲಿ ತಪ್ಪಿದ್ದರೆ ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತದೆ.